ಬಹುವಚನದ ಹಳ್ಳಿಗಳು

ಯೂರೋಪು ಖಂಡದ ಆಗ್ನೇಯ ಭಾಗದಲ್ಲಿರುವ ಬಲ್ಗೇರಿಯ ದೇಶವನ್ನು ಆಡಳಿತದ ಸೌಕರ್ಯಕ್ಕಾಗಿ 28 ಪ್ರಾಂತಗಳಾಗಿಯೂ, ಅವನ್ನು ಮತ್ತೆ 265 ‘ಒಬ್‌ಶ್ತಿನ’ಗಳಾಗಿಯೂ ವಿಂಗಡಿಸಿದ್ದಾರೆ. ‘ಎಲ್ಲರಿಗೂ ಸಾಮಾನ್ಯವಾದುದು’ ಎಂಬ ಅರ್ಥದ ಧಾತುವಿನಿಂದ ಬಂದ ಶಬ್ದವಿದು. ಪುರಸಭೆಯೆಂದು ಭಾಷಾಂತರಿಸುವುದು ವಾಡಿಕೆ. ಆದರೆ ಪುರವೇ ಇಲ್ಲದ ಪುರಸಭೆಗಳೂ ಅಲ್ಲಿ ಉಂಟು. ಸೆರ್ಬಿಯದ ಗಡಿಗೆ ತಾಗಿಕೊಂಡು ಕ್ಯುಸ್ತೆಂದಿಲ್ ಪ್ರಾಂತದ ಬೆಟ್ಟಗಳ ನಡುವೆ ಇರುವ ತ್ರೆಕ್‌ಲ್ಯಾನೊ ಅಂಥದೊಂದು. ಇದರ ಕೇಂದ್ರಸ್ಥಾನವೂ ಒಂದು ಹಳ್ಳಿಯೇ. 250 ಚದರ ಕಿಲೋಮೀಟರಿಗೆ ಮಿಕ್ಕ ನೆಲ, ಸುಮಾರು ಇಪ್ಪತ್ತು ಊರುಗಳು. ಎಲ್ಲವನ್ನೂ ಕೂಡಿಸಿದರೂ ಸಾವಿರ ಜನರಿಲ್ಲ. ದೇಶದ ಪುರಸಭೆಗಳಲ್ಲೆಲ್ಲ ಅತ್ಯಂತ ಕಡಮೆ ಜನಸಂಖ್ಯೆಯುಳ್ಳದ್ದೆಂದು ಇದು ಹೆಸರಾಗಿದೆ.

ಸ್ತ್ರುಮಾ ನದಿಯನ್ನು ಸೇರುವ ತ್ರೆಕ್‌ಲ್ಯಾನ್ಸ್ಕ ಎಂಬ ಹೊಳೆ ಈ ಸೀಮೆಯಲ್ಲಿ ಹರಿಯುತ್ತದೆ. ಊರುಗಳ ಹೆಸರುಗಳನ್ನು ಓದುವುದೇ ಒಂದು ಸಂತೋಷ. ಪೊಬಿತ್ ಕಾಮಕ್ ಎಂದರೆ ನಟ್ಟ ಕಲ್ಲು. ದೊಬ್ರಿ ದೋಲ್ ಎಂದರೆ ಒಳ್ಳೆಯ ಕಣಿವೆ. ಬ್ರೆಸ್ತ್ ಒಂದು ಮರದ ಹೆಸರು. ಊಶಿ ಎಂದರೆ ಕಿವಿಗಳು! ಕಿವಿಗಳೆಂದು ಊರಿಗೆ ಹೆಸರಿಟ್ಟ ಪುಣ್ಯಾತ್ಮನು ಯಾರೋ. ಆದರೆ ಭಾಷೆಯ ವಿದ್ಯಾರ್ಥಿಯ ಮನಸ್ಸನ್ನು ಹಿಡಿದು ನಿಲ್ಲಿಸುವ ಹೆಸರುಗಳು ಬೇರೆ: ಗಾಬ್ರೆಶೆವ್ತ್ಸಿ, ದ್ರಾಗೋಯ್ಚಿನ್ತ್ಸಿ. ಕೊನೆಯ ‘ತ್ಸಿ’ ಎಂಬುದು ಬಹುವಚನ ಪ್ರತ್ಯಯ. ನಾವು ‘ಇಂಥವರ ಮನೆಯವರು’ ಎನ್ನುವಂತೆ, ಮೂಲ ವ್ಯಕ್ತಿಯೊಬ್ಬರ ಹೆಸರು ಹಿಡಿದು ಅವರ ಸಂತತಿಯನ್ನು ಸೂಚಿಸುವ ಮಾತು ಅದು. ಆ ಮಾತೇ ಊರಿನ ಹೆಸರಾಯಿತು. ಪಶ್ಚಿಮ ಬಲ್ಗೇರಿಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ‘ಝದ್ರುಗ’ ಎಂಬ ಅವಿಭಕ್ತ ಕುಟುಂಬ ಪದ್ಧತಿ ಬಲವಾಗಿತ್ತು. ಅಣ್ಣತಮ್ಮಂದಿರೂ ಅವರ ಮಕ್ಕಳೂ ಒಂದೇ ನೆಲವನ್ನು ಉಳುತ್ತಿದ್ದರು. ಅಲ್ಲಿ ಊರೆಂದರೆ ಜಾಗವಲ್ಲ, ಜನ. ಇಂದು ಜಾಗ ಉಳಿದಿದೆ. ವ್ಯಾಕರಣದಲ್ಲಿ ಬಹುವಚನವೂ ಉಳಿದಿದೆ.

ಜನ ಎಲ್ಲಿ ಹೋದರು? 1946ರ ಗಣತಿಯಲ್ಲಿ ಬಲ್ಗೇರಿಯದ ಮುಕ್ಕಾಲು ಪಾಲು ಜನ ಹಳ್ಳಿಗಳಲ್ಲಿದ್ದರು. 1958ರ ವೇಳೆಗೆ ಉಳುವ ನೆಲವೆಲ್ಲ ಬಹುಮಟ್ಟಿಗೆ ಸರ್ಕಾರ ಸ್ಥಾಪಿಸಿದ ಸಾಮೂಹಿಕ ಬೇಸಾಯದ ಸಂಘಗಳ ವಶವಾಯಿತು. ಸ್ವಂತ ಹೊಲವಿಲ್ಲದ ಮೇಲೆ ಮಗನು ಬೆಟ್ಟದಲ್ಲಿ ಏಕೆ ನಿಲ್ಲಬೇಕು? ಪೆರ್ನಿಕ್ ನಗರದ ಕಲ್ಲಿದ್ದಲ ಗಣಿಗಳೂ ಉಕ್ಕಿನ ಕಾರ್ಖಾನೆಯೂ, ರಾಜಧಾನಿ ಸೋಫಿಯವೂ ದೂರವಿರಲಿಲ್ಲ. 1989ರಲ್ಲಿ ಆ ಆಡಳಿತ ಉರುಳಿತು. ನೆಲವನ್ನು ಹಳೆಯ ಒಡೆಯರಿಗೆ ಹಿಂದಿರುಗಿಸುವ ಶಾಸನ 1991ರಲ್ಲಿ ಬಂತು. ಅಷ್ಟರಲ್ಲಿ ಒಡೆಯರ ಮೊಮ್ಮಕ್ಕಳು ಪಟ್ಟಣಿಗರಾಗಿದ್ದರು. ಬಳಿಕ ಅವರಲ್ಲಿ ಅನೇಕರು ದೇಶವನ್ನೇ ಬಿಟ್ಟರು. 1985ರಲ್ಲಿ 89 ಲಕ್ಷವಿದ್ದ ದೇಶದ ಜನಸಂಖ್ಯೆ 2021ರ ಗಣತಿಯಲ್ಲಿ 65 ಲಕ್ಷಕ್ಕೆ ಇಳಿದಿತ್ತು. ಜನನಕ್ಕಿಂತ ಮರಣವೇ ಹೆಚ್ಚಾದುದೂ ಇದಕ್ಕೆ ಕಾರಣ.

ಬಲ್ಗೇರಿಯದಲ್ಲಿ ಒಂದು ಪದ್ಧತಿಯುಂಟು. ಯಾರಾದರೂ ತೀರಿಕೊಂಡರೆ ಅವರ ಭಾವಚಿತ್ರವುಳ್ಳ ‘ನೆಕ್ರೊಲಾಗ್’ ಎಂಬ ಕಾಗದವನ್ನು ಮನೆಯ ಬಾಗಿಲಿಗೂ ಬೀದಿಯ ಮರಗಳಿಗೂ ಅಂಟಿಸುತ್ತಾರೆ. ನಲವತ್ತನೆಯ ದಿನ, ಆರು ತಿಂಗಳಿಗೆ, ವರ್ಷಕ್ಕೆ ಮತ್ತೆ ಹೊಸ ಕಾಗದ. ಮಕ್ಕಳು ಪಟ್ಟಣದಿಂದ ಬಂದು ಬೀಗ ಹಾಕಿದ ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ಓದುವವರಿಲ್ಲದ ಬೀದಿಯಲ್ಲಿ ಆ ಮುಖಗಳು ಬಿಸಿಲಿಗೆ ಬಿಳಿಚುತ್ತವೆ.

ಹೊಸ ಪುರಸಭೆ ಸ್ಥಾಪಿಸಬೇಕಾದರೆ ಆರು ಸಾವಿರ ಜನರಿಗಿಂತ ಹೆಚ್ಚಿರಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ಆ ಲೆಕ್ಕದಲ್ಲಿ ತ್ರೆಕ್‌ಲ್ಯಾನೊ ಇಂದು ಹುಟ್ಟುವಂತೆಯೇ ಇಲ್ಲ. ಮೊದಲೇ ಹುಟ್ಟಿದ್ದರಿಂದ ಬದುಕಿದೆ. ಇದನ್ನು ನೆರೆಯ ದೊಡ್ಡ ಪುರಸಭೆಗೆ ಸೇರಿಸಿದರೆ ವೆಚ್ಚ ಉಳಿಯುವುದೆಂಬ ವಾದ ತರ್ಕಶುದ್ಧವೇ ಸರಿ. ಆದರೆ ಎಂಬತ್ತು ವಯಸ್ಸಿನ ಮುದುಕಿಯೊಬ್ಬಳು ಒಂದು ಕಾಗದಕ್ಕಾಗಿ ಹಿಮ ಬಿದ್ದ ಕಣಿವೆಯನ್ನು ಇಳಿದು ದೂರದ ಪಟ್ಟಣಕ್ಕೆ ಹೋಗಬೇಕಾದೀತೆಂಬುದನ್ನು ಆ ವಾದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನು ಹಳ್ಳಿಯ ಮಾತು. ನಿವಾಸಿಗಳಿಲ್ಲವಾದ ಮಾತ್ರಕ್ಕೆ ಊರು ಪಟ್ಟಿಯಿಂದ ಅಳಿಯುವುದಿಲ್ಲ. ಅದಕ್ಕೆ ಸರ್ಕಾರದ ನಿರ್ಣಯ ಬೇಕು. ಒಬ್ಬರೂ ವಾಸವಿಲ್ಲದ ನೂರಕ್ಕೂ ಹೆಚ್ಚು ಹಳ್ಳಿಗಳು ಹೀಗೆ ದೇಶದ ಪಟ್ಟಿಯಲ್ಲಿವೆ. ಗಣತಿಯ ಪುಸ್ತಕದಲ್ಲಿ ಅವುಗಳ ಹೆಸರಿನ ಮುಂದೆ ಸೊನ್ನೆ ಅಚ್ಚಾಗುತ್ತದೆ.