ವಿಟ್ಬಿ: ಯಾವ ದಡದಲ್ಲಿ ತಂಗುವುದು?

ವಿಟ್ಬಿ ರೈಲು ನಿಲ್ದಾಣದಿಂದ ಹೊರಬಿದ್ದರೆ ಎದುರಿಗೇ ಬಂದರು. ಸಾಲುಗಟ್ಟಿದ ದೋಣಿಗಳು, ತಲೆಯ ಮೇಲೆ ಅರಚುವ ಕಡಲಹಕ್ಕಿಗಳು, ಮೂಗಿಗೆ ಬಡಿಯುವ ಕರಿದ ಮೀನಿನ ವಾಸನೆ. ಇಂಗ್ಲೆಂಡಿನ ನಾರ್ತ್ ಯಾರ್ಕ್‌ಶೈರ್ ಕರಾವಳಿಯ ಈ ಊರನ್ನು ಎಸ್ಕ್ ನದಿ ಎರಡಾಗಿ ಸೀಳಿ ಸಮುದ್ರ ಸೇರುತ್ತದೆ. ಪೂರ್ವ ದಡದಲ್ಲಿ ಹಳೇ ಊರು; ಪಶ್ಚಿಮದ ಗುಡ್ಡದ ಮೇಲೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ರಜೆಗೆ ಬರುವವರಿಗೆಂದೇ ಕಟ್ಟಿದ ಬಡಾವಣೆ. ನಡುವೆ, ದೊಡ್ಡ ದೋಣಿ ಬಂದಾಗ ಪಕ್ಕಕ್ಕೆ ತಿರುಗಿ ದಾರಿ ಬಿಡುವ ಸೇತುವೆ. ಇಲ್ಲಿ ಉಳಿಯಬೇಕೆನ್ನುವವರು ಹೋಟೆಲಿಗಿಂತ ಮೊದಲು ದಡವನ್ನು ಆರಿಸಿಕೊಳ್ಳಬೇಕು.

ಸೇತುವೆ ದಾಟಿ ಪೂರ್ವಕ್ಕೆ ಹೋದರೆ ಬಲಕ್ಕೆ ಗ್ರೇಪ್ ಲೇನ್. ಹಡಗಿನ ಮಾಲೀಕ ಜಾನ್ ವಾಕರ್ ಬಳಿ 1746ರಲ್ಲಿ ಕೆಲಸ ಕಲಿಯಲು ಸೇರಿದ ಹುಡುಗ ಜೇಮ್ಸ್ ಕುಕ್. ಈ ಓಣಿಯ ವಾಕರ್ ಮನೆ ಈಗ ಕುಕ್ ಸ್ಮಾರಕ ಸಂಗ್ರಹಾಲಯ. ಮುಂದೆ ಆತ ಆಸ್ಟ್ರೇಲಿಯಾದ ಪೂರ್ವ ಕರಾವಳಿಗೆ ಹೋದ ‘ಎಂಡೆವರ್’ ಮೂಲತಃ ಕಲ್ಲಿದ್ದಲು ಸಾಗಿಸಲು ಇದೇ ಊರಿನಲ್ಲಿ ಕಟ್ಟಿದ ಹಡಗು. ಕಲ್ಲು ಹಾಸಿನ ಚರ್ಚ್ ಸ್ಟ್ರೀಟ್‌ನಲ್ಲಿ ಜೆಟ್ ಆಭರಣದ ಅಂಗಡಿಗಳು ಒತ್ತೊತ್ತಾಗಿವೆ. ಜೆಟ್ ಎಂದರೆ ಕೋಟ್ಯಂತರ ವರ್ಷ ಒತ್ತಡದಲ್ಲಿದ್ದು ಕಪ್ಪಾಗಿ ಗಟ್ಟಿಯಾದ ಮರ. 1861ರಲ್ಲಿ ಗಂಡನನ್ನು ಕಳೆದುಕೊಂಡ ವಿಕ್ಟೋರಿಯಾ ಶೋಕಕ್ಕೆ ಇದನ್ನೇ ತೊಟ್ಟಾಗ ದೇಶವೆಲ್ಲ ಇದರ ಹಿಂದೆ ಬಿತ್ತು. ಬೀದಿಯ ತುದಿಗೆ, ಹೆನ್ರಿಯೆಟ್ಟಾ ಸ್ಟ್ರೀಟ್‌ನಲ್ಲಿ, ಹೆರಿಂಗ್ ಮೀನನ್ನು ಹೊಗೆಯಲ್ಲಿ ಹದಗೊಳಿಸುವ, 1872ರಿಂದ ನಡೆದುಬಂದ ಫಾರ್ಚೂನ್ಸ್ ಅಂಗಡಿ.

ಅಲ್ಲಿಂದ 199 ಮೆಟ್ಟಿಲು ಹತ್ತಿದರೆ ಸೇಂಟ್ ಮೇರಿ ಚರ್ಚು, ಅದರಾಚೆ ಚಾವಣಿಯಿಲ್ಲದೆ ನಿಂತ ಅಬ್ಬೆ, ಅಂದರೆ ಹಳೇ ಕ್ರೈಸ್ತ ಮಠ. ಹಿಲ್ಡ್ ಎಂಬ ಸನ್ಯಾಸಿನಿ 657ರಲ್ಲಿ ಕಟ್ಟಿದ ಮಠದಲ್ಲಿ ಗಂಡಸರೂ ಹೆಂಗಸರೂ ಆಕೆಯ ಆಡಳಿತದಲ್ಲಿದ್ದರು. ಈಸ್ಟರ್ ದಿನವನ್ನು ರೋಮಿನ ಲೆಕ್ಕದಂತೆ ಹಿಡಿಯಬೇಕೆಂದು ತೀರ್ಮಾನವಾದದ್ದು 664ರಲ್ಲಿ, ಇಲ್ಲಿಯೇ. ಈಗ ಕಾಣುವ ಗೋಡೆಗಳು ಆಮೇಲಿನವು. 1539ರಲ್ಲಿ ಎಂಟನೇ ಹೆನ್ರಿ ಮಠ ಮುಚ್ಚಿಸಿದ. 1914ರ ಡಿಸೆಂಬರಿನಲ್ಲಿ ಜರ್ಮನ್ ಯುದ್ಧನೌಕೆಗಳ ಗುಂಡುಗಳು ಉಳಿದದ್ದಕ್ಕೂ ಪೆಟ್ಟು ಕೊಟ್ಟವು.

ಪಶ್ಚಿಮದ ಗುಡ್ಡದಲ್ಲಿ ಕುಕ್‌ನ ಪ್ರತಿಮೆ, ತಿಮಿಂಗಿಲ ಬೇಟೆಯ ಕಾಲವನ್ನು ನೆನಪಿಸುವ ದವಡೆ ಮೂಳೆಯ ಕಮಾನು. ಕಮಾನಿನ ಕೆಳಗೆ ನಿಂತರೆ ಅಬ್ಬೆ ಸರಿಯಾಗಿ ಎದುರಿಗೆ. ಹತ್ತಿರದ ರಾಯಲ್ ಕ್ರೆಸೆಂಟ್‌ನಲ್ಲಿ 1890ರಲ್ಲಿ ತಂಗಿದ್ದ ಬ್ರ್ಯಾಮ್ ಸ್ಟೋಕರ್‌ಗೆ ‘ಡ್ರಾಕುಲಾ’ ಎಂಬ ಹೆಸರು ಸಿಕ್ಕಿದ್ದು ಊರಿನ ಗ್ರಂಥಾಲಯದ ಪುಸ್ತಕದಲ್ಲಿ. ಅವನ ಕಾದಂಬರಿಯಲ್ಲಿ ದಡಕ್ಕೆ ಅಪ್ಪಳಿಸಿದ ಹಡಗಿನಿಂದ ಒಂದು ನಾಯಿ ಜಿಗಿದು ಓಡುವುದು ಆಚೆ ದಡದ ಚರ್ಚಿನ ಗುಡ್ಡದತ್ತ. ಈ ಕರಾವಳಿ ಉತ್ತರಕ್ಕೆ ಮುಖ ಮಾಡಿರುವುದರಿಂದ ಜೂನ್ ಕೊನೆಯಲ್ಲಿ ಸೂರ್ಯ ಹುಟ್ಟುವುದೂ ಮುಳುಗುವುದೂ ಸಮುದ್ರದ ಮೇಲೆಯೇ.

ಇನ್ನು ವ್ಯವಸ್ಥೆಯ ಮಾತು. ಪೂರ್ವದಲ್ಲಿ ಸಿಗುವುದು ಹೆಚ್ಚಾಗಿ ನಾವೇ ಅಡುಗೆ ಮಾಡಿಕೊಳ್ಳುವ ಹಳೇ ಬೆಸ್ತರ ಮನೆಗಳು: ಕಡಿದಾದ ಏಣಿಮೆಟ್ಟಿಲು, ಕಾರು ನುಗ್ಗದ ಓಣಿ. ಪಶ್ಚಿಮದಲ್ಲಿ ಬೆಳಗಿನ ತಿಂಡಿ ಕೊಡುವ ಗೆಸ್ಟ್‌ಹೌಸುಗಳು, ಅಗಲವಾದ ರಸ್ತೆ, ಕೆಳಗೇ ಮರಳ ದಂಡೆ. ರಜೆಯ ಬಾಡಿಗೆಗೆಂದು ಮನೆಗಳು ಹೋಗುತ್ತಿರುವುದು ಊರಿನವರಿಗೆ ದೊಡ್ಡ ನೋವು. ಹೊಸ ಮನೆಗಳು ಕಾಯಂ ನಿವಾಸಿಗಳಿಗೇ ಮೀಸಲಾಗಲಿ ಎಂದು 2022ರ ಮತದಾನದಲ್ಲಿ ಭಾರಿ ಬಹುಮತದಿಂದ ಹೇಳಿದರು. ಮನೆಯವರೇ ನಡೆಸುವ ಗೆಸ್ಟ್‌ಹೌಸ್ ಹಿಡಿಯಲು ಇದೂ ಒಂದು ಕಾರಣ.

ಮಿಡಲ್ಸ್‌ಬರೋದಿಂದ ಬರುವ ರೈಲಿಗೆ ಸುಮಾರು ಒಂದೂವರೆ ಗಂಟೆ. ದಿನಕ್ಕೆ ಕೆಲವೇ ಓಡುತ್ತವೆ, ವೇಳಾಪಟ್ಟಿ ನೋಡಿಯೇ ಹೊರಡಿ. ಯಾರ್ಕ್‌ನಿಂದ ಬಸ್ಸೂ ಇದೆ. ಮಕ್ಕಳಿದ್ದರೆ ಪಿಕರಿಂಗ್‌ನಿಂದ ಉಗಿಬಂಡಿ ಹತ್ತಿ. ದಾರಿಯ ಗೋಥ್‌ಲೆಂಡ್ ನಿಲ್ದಾಣವೇ ಮೊದಲ ಹ್ಯಾರಿ ಪಾಟರ್ ಚಿತ್ರದ ಹಾಗ್ಸ್‌ಮೀಡ್. ಪೂರ್ವ ಗುಡ್ಡದ ಬುಡದಲ್ಲಿ ನಡೆಯುವವರು ಉಬ್ಬರದ ಹೊತ್ತು ಕೇಳಿಕೊಳ್ಳಬೇಕು. ನೀರು ಏರಿದರೆ ಹಿಂದಿರುಗುವ ದಾರಿ ಇರುವುದಿಲ್ಲ. ಬೇಸಿಗೆಯಲ್ಲೂ ಸಮುದ್ರದಿಂದ ತಣ್ಣನೆಯ ಮಂಜು ನುಗ್ಗುತ್ತದೆ, ಸ್ವೆಟರ್ ಇರಲಿ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಯಾರ್ಕ್‌ಶೈರ್‌ನ ಅನೇಕ ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನೂ ಕರಿಯುವುದು ದನದ ಕೊಬ್ಬಿನಲ್ಲಿ. ಕೇಳದೆ ಕೊಳ್ಳಬೇಡಿ.

ಬ್ರಿಟನ್ನಿನಲ್ಲಿರುವ ಮಕ್ಕಳ ಮನೆಗೆ ಹೋದ ಹಿರಿಯರಿಗೆ, ಮಂಡಿ ನೋವಿದ್ದವರಿಗೆ ಪಶ್ಚಿಮ ದಡವೇ ಸರಿ. ಅಬ್ಬೆಗೆ ಮೆಟ್ಟಿಲು ಹತ್ತದೆ ಕಾರಿನಲ್ಲೇ ಹೋಗಬಹುದು. ಹಗುರ ಚೀಲದ ಕಿರಿಯರಿಗೆ ಪೂರ್ವ. ಯಾವ ದಡವಾದರೂ ಶಾಲಾ ರಜೆಯ ಆಗಸ್ಟ್ ಬಿಟ್ಟು, ವಾರದ ನಡುವೆ, ಎರಡು ರಾತ್ರಿಯಾದರೂ ಉಳಿಯಿರಿ. ಹಗಲಿನ ಜನಜಂಗುಳಿ ಸಂಜೆಯ ಬಸ್ಸುಗಳಲ್ಲಿ ಹೊರಟ ಮೇಲೆಯೇ ವಿಟ್ಬಿ ನಿಧಾನವಾಗಿ ನೋಡಲು ಸಿಗುವುದು.