ಕ್ರಿಮಿನಾಶಕದ ಡಬ್ಬಿಯ ಮೇಲಣ ಬಣ್ಣದ ಗುರುತು

ಬೆಳೆಗೆ ತಗಲುವ ಕೀಟಗಳನ್ನು ಕೊಲ್ಲುವ ಔಷಧಗಳು ಮನುಷ್ಯನಿಗೂ ವಿಷವೆಂಬುದು ಸರ್ವವಿದಿತವಾದ ಸಂಗತಿ. ಆದರೆ ಡಬ್ಬಿಯನ್ನು ಕೊಂಡುತರುವವರು ಬಹುಶಃ ಓದುಬಲ್ಲ ಜಮೀನುದಾರರು. ಅದನ್ನು ನೀರಿನಲ್ಲಿ ಕಲಸಿ, ಬೆನ್ನಿಗೆ ಹೊತ್ತು ಸಿಂಪಡಿಸುವವರು ಅನೇಕ ವೇಳೆ ಓದುಬಾರದ ಕೂಲಿಯಾಳುಗಳು. ಎಚ್ಚರಿಕೆಯನ್ನು ಅಕ್ಷರದಲ್ಲಿ ಮಾತ್ರ ಬರೆದರೆ, ಅಪಾಯಕ್ಕೆ ಮೊದಲು ಗುರಿಯಾಗುವವನಿಗೇ ಅದು ತಿಳಿಯದೆ ಹೋಗುವುದು.

೧೯೫೮ರಲ್ಲಿ ಕೇರಳದಲ್ಲಿ, ಹಡಗಿನಲ್ಲಿ ಪ್ಯಾರಾಥಿಯಾನ್ ಎಂಬ ಕ್ರಿಮಿನಾಶಕದೊಡನೆ ಸಾಗಿಬಂದು ವಿಷ ಬೆರೆತ ಗೋಧಿಹಿಟ್ಟನ್ನು ಉಂಡು ನೂರಕ್ಕೂ ಹೆಚ್ಚು ಜನರು ಮೃತರಾದರು. ತರುವಾಯ ೧೯೬೮ರಲ್ಲಿ ಕ್ರಿಮಿನಾಶಕಗಳ ಕಾಯಿದೆಯೂ, ೧೯೭೧ರಲ್ಲಿ ಅದರ ನಿಯಮಗಳೂ ಏರ್ಪಟ್ಟವು. ಆ ನಿಯಮಗಳ ಪ್ರಕಾರ, ಡಬ್ಬಿಯ ಚೀಟಿಯ ಮುಖದಲ್ಲಿ ಹದಿನಾರನೆಯ ಒಂದು ಪಾಲಿಗೆ ಕಡಮೆಯಿಲ್ಲದಂತೆ, ಮೂಲೆ ಮೇಲಾಗಿ ನಿಲ್ಲಿಸಿದ ಒಂದು ಚೌಕವಿರತಕ್ಕುದು. ಅದರ ಕೆಳಗಿನ ಅರ್ಧದ ಬಣ್ಣವೇ ವಿಷದ ತೀಕ್ಷ್ಣತೆಯನ್ನು ಸಾರುವುದು:

ಕೆಂಪು: ಅತ್ಯಂತ ತೀಕ್ಷ್ಣವಾದ ವಿಷ. ಮೇಲರ್ಧದಲ್ಲಿ ತಲೆಬುರುಡೆ, ಅಡ್ಡ ಎಲುಬುಗಳ ಚಿತ್ರವೂ "ವಿಷ" ಎಂಬ ಮಾತೂ ಇರುವುವು.
ಹಳದಿ: ಹೆಚ್ಚಿನ ವಿಷ. "ವಿಷ" ಎಂಬ ಮಾತು ಮಾತ್ರ ಇರುವುದು.
ನೀಲಿ: ಮಧ್ಯಮ ವಿಷ. "ಅಪಾಯ" ಎಂದಿರುವುದು.
ಹಸುರು: ಅಲ್ಪ ವಿಷ. "ಎಚ್ಚರಿಕೆ" ಎಂದಿರುವುದು.

ಪ್ರಯೋಗದ ಪ್ರಾಣಿಗಳಲ್ಲಿ ಅರ್ಧಪಾಲು ಸಾಯಲು ದೇಹತೂಕದ ಕಿಲೋಗ್ರಾಂ ಒಂದಕ್ಕೆ ಬಾಯಿಯ ಮೂಲಕ ೫೦ ಮಿಲಿಗ್ರಾಂ ಅಥವಾ ಅದಕ್ಕೂ ಕಡಮೆ ಸಾಕಾದರೆ ಕೆಂಪು, ೫೦೦ರವರೆಗೆ ಹಳದಿ, ೫,೦೦೦ದವರೆಗೆ ನೀಲಿ, ಅದಕ್ಕೆ ಮೀರಿದರೆ ಹಸುರು.

ಈ ಏರ್ಪಾಟಿನ ಗುಣವೇನೆಂದರೆ, ಒಂದೇ ಮಾತನ್ನು ಹಲವು ಬಗೆಯಾಗಿ ಹೇಳುವುದು. ಓದಲಾರದವನಿಗೆ ಬಣ್ಣವುಂಟು, ಕೆಂಪು ಹಸುರುಗಳ ಭೇದ ಕಾಣದ ಕಣ್ಣಿನವನಿಗೆ ತಲೆಬುರುಡೆಯುಂಟು, ಓದುಬಲ್ಲವನಿಗೆ ಪ್ರಾಂತಭಾಷೆಯಲ್ಲಿಯೂ ಅಚ್ಚಾದ ಹಸ್ತಪತ್ರಿಕೆಯುಂಟು.

ಆದರೂ ಗುರುತಿನ ಅರ್ಥವನ್ನು ಯಾರಾದರೂ ಒಮ್ಮೆ ತಿಳಿಸಿಕೊಡಲೇಬೇಕು. ಹಸುರು ಪೈರಿನ ಬಣ್ಣವಾದುದರಿಂದ ಅದು ನಿರಪಾಯವೆಂದು ಭಾವಿಸುವವರುಂಟು. ಹಸುರು ಗುರುತಿನ ಔಷಧವೂ ವಿಷವೇ. ಔಷಧವನ್ನು ಬೇರೆ ಸೀಸೆಗೆ ಸುರಿದಿಟ್ಟರೆ ಗುರುತು ಹಳೆಯ ಡಬ್ಬಿಯಲ್ಲಿಯೇ ಉಳಿದು, ಮಕ್ಕಳು ಅದನ್ನು ಪಾನೀಯವೆಂದು ಕುಡಿಯುವ ಸಂಭವವುಂಟು.

ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಕೆಳಗಿನಂತೆ ನಡೆಯುವುದು ಯುಕ್ತ:

೧. ಸಿಂಪಡಿಸುವ ಕಾಲಕ್ಕೆ ಮುಂಚೆ ಡಂಗುರ ಸಾರಿಸಿ ಜನರನ್ನು ಚಾವಡಿಗೆ ಕರೆಸಿ, ಬಳಸಿ ತೊಳೆದ ಡಬ್ಬಿಯಲ್ಲ, ಚೀಟಿಯನ್ನು ಮಾತ್ರ ತೋರಿಸಿ ನಾಲ್ಕು ಬಣ್ಣಗಳನ್ನು ವಿವರಿಸುವುದು.
೨. ನೀರು ಹೊತ್ತು ತರುವ, ಔಷಧ ಬಿದ್ದ ಹೊಲದಲ್ಲಿ ಕಳೆ ಕೀಳುವ ಹೆಂಗಸರನ್ನೂ ತಪ್ಪದೆ ಕರೆಯುವುದು. ಕಿವಿ ಕೇಳದವರಿಗೆ ಸನ್ನೆಯಿಂದ ತಿಳಿಸುವುದು.
೩. ಹೇಳಿ ಮುಗಿಸಿದ ಮೇಲೆ ಕೇಳಿದವರ ಬಾಯಿಂದಲೇ ಅರ್ಥವನ್ನು ಹೇಳಿಸುವುದು. ತಪ್ಪು ತಿಳಿವಳಿಕೆ ಇದರಿಂದಲೇ ಹೊರಬೀಳುವುದು.
೪. ಔಷಧವನ್ನು ಅದರ ಡಬ್ಬಿಯಲ್ಲಿಯೇ, ಬೀಗ ಹಾಕಿದ ಸ್ಥಳದಲ್ಲಿ ಇಡುವುದು.
೫. ಯಾರಿಗಾದರೂ ವಿಷವೇರಿದರೆ ಚೀಟಿಸಹಿತ ವೈದ್ಯರಲ್ಲಿಗೆ ಒಯ್ಯುವುದು. ಔಷಧದ ಹೆಸರು ತಿಳಿದರೆ ತಕ್ಕ ಚಿಕಿತ್ಸೆ ತಡವಾಗದು.

ಬೆಳೆಯನ್ನು ಕಾಯುವ ಆಳಿನ ಪ್ರಾಣವನ್ನು ಕಾಯುವುದು ಬೆಳೆಯ ಒಡೆಯನ ಮೊದಲ ಹೊಣೆ.