ಸಾಕು ಎಂದಾಗ ನಿಲ್ಲುವ ಚಾರ್ಜರ್

ಖಾಲಿಯಾದ ಬ್ಯಾಟರಿಯನ್ನು ಮತ್ತೆ ತುಂಬಬಹುದೆಂದು 1859ರಲ್ಲಿ ತೋರಿಸಿಕೊಟ್ಟವರು ಫ್ರಾನ್ಸಿನ ಭೌತವಿಜ್ಞಾನಿ ಗಾಸ್ಟಾನ್ ಪ್ಲಾಂಟೆ. ಸೀಸದ ಎರಡು ಹಾಳೆಗಳ ನಡುವೆ ಬಟ್ಟೆಯಿಟ್ಟು ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಅದ್ದಿದರು. ಅದಕ್ಕೆ ಬೇರೆ ಬ್ಯಾಟರಿಗಳಿಂದ ವಿದ್ಯುತ್ತು ಹರಿಸುವುದು, ಖಾಲಿ ಮಾಡುವುದು, ಮತ್ತೆ ತುಂಬುವುದು. ಹೀಗೆ ಮಾಡಿದಷ್ಟೂ ಸೀಸದ ಮೈ ಆಳದವರೆಗೆ ಮಾರ್ಪಟ್ಟು, ಹಿಡಿದಿಡುವ ಶಕ್ತಿ ಹೆಚ್ಚುತ್ತಿತ್ತು. 1881ರಲ್ಲಿ ಎಂಜಿನಿಯರ್ ಕಮೀಲ್ ಫೋರ್ ಸೀಸದ ಮೇಲೆ ಅದರ ಆಕ್ಸೈಡಿನ ಲೇಪ ಬಳಿದು ಈ ದೀರ್ಘ ಶ್ರಮವನ್ನು ತಗ್ಗಿಸಿದರು.

1912ರ ಕ್ಯಾಡಿಲಾಕ್ ಕಾರಿಗೆ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಅವರ, ಇಂಥ ಬ್ಯಾಟರಿಯಿಂದ ನಡೆಯುವ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿತು. ಬದಲಿಗೆ ಬ್ಯಾಟರಿ 'ಡೌನ್' ಆಗುವ ಚಿಂತೆ ಶುರುವಾಯಿತು.

ಹಳೆಯ ಚಾರ್ಜರಿಗೆ ಗೊತ್ತಿದ್ದದ್ದು ತುಂಬುವುದಷ್ಟೇ. ತುಂಬಿದ ಮೇಲೂ ಬಿಟ್ಟರೆ ಒಳಗಿನ ನೀರು ಒಡೆದು ಜಲಜನಕ, ಆಮ್ಲಜನಕ ಹೊಮ್ಮುತ್ತವೆ. ಒಂದು ಕಿಡಿ ತಾಗಿದರೆ ಸ್ಫೋಟ. ಅರ್ಧಕ್ಕೇ ಬಿಟ್ಟರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಹಾಗಾಗಿ ಮೆಕ್ಯಾನಿಕ್ ಹೈಡ್ರೋಮೀಟರ್ ಹಿಡಿದು ಆಸಿಡ್ಡಿನ ಸಾಂದ್ರತೆ ನೋಡುತ್ತಾ, ಗುಳ್ಳೆಗಳನ್ನು ಗಮನಿಸುತ್ತಾ ಕಾಯಬೇಕಿತ್ತು.

ಆದರೆ ಎಷ್ಟು ತುಂಬಿದೆಯೆಂದು ವೋಲ್ಟೇಜೇ ಹೇಳುತ್ತದೆ. 12 ವೋಲ್ಟಿನ ಬ್ಯಾಟರಿ ಸುಮಾರು 14.4 ವೋಲ್ಟ್ ತಲುಪುವ ಹೊತ್ತಿಗೆ ಗುಳ್ಳೆ ಏಳತೊಡಗುತ್ತದೆ. ಅಲ್ಲಿಯವರೆಗೆ ಧಾರಾಳವಾಗಿ ಕರೆಂಟ್ ಬಡಿಸಿ, ಆಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು ನಿಲ್ಲಿಸಿದರೆ ಬ್ಯಾಟರಿ ತಾನಾಗಿಯೇ ಕಡಿಮೆ ಕರೆಂಟ್ ಎಳೆದುಕೊಳ್ಳುತ್ತದೆ. ಕೊನೆಗೆ ಸುಮಾರು 13.6 ವೋಲ್ಟಿಗೆ ಇಳಿಸಿ ಕಾಪಾಡಿದರೆ ಸಾಕು. ಮೈಕ್ರೋಚಿಪ್ಪುಗಳು ಅಗ್ಗವಾದಾಗ ಈ ಮೂರು ಹಂತಗಳ ಕಾವಲು ಚಾರ್ಜರಿನ ಪಾಲಿಗೆ ಬಂತು. ಅದೇ ಸ್ಮಾರ್ಟ್ ಚಾರ್ಜರ್.

ಕೊಳ್ಳುವಾಗ ಆಂಪಿಯರ್ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಭಾವಿಸಬೇಡಿ. ಬ್ಯಾಟರಿಯ ಆಂಪಿಯರ್-ಅವರ್‌ನ ಹತ್ತನೇ ಒಂದು ಭಾಗ ಸಾಮಾನ್ಯ ಲೆಕ್ಕ. 45 ಆಂಪಿಯರ್-ಅವರ್ ಬ್ಯಾಟರಿಗೆ 4-5 ಆಂಪಿಯರ್. ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ ಎಜಿಎಂ ಬ್ಯಾಟರಿಯಾದರೆ ಆ ಆಯ್ಕೆ ಚಾರ್ಜರಿನಲ್ಲಿರಬೇಕು. ಕೆಂಪು ಕ್ಲಿಪ್ಪನ್ನು ಪ್ಲಸ್ಸಿಗೆ, ಕಪ್ಪನ್ನು ಬ್ಯಾಟರಿಯಿಂದ ದೂರದ ಇಂಜಿನ್ನಿನ ಲೋಹಕ್ಕೆ ಸಿಕ್ಕಿಸಿ, ಕೊನೆಗೆ ಸ್ವಿಚ್ ಹಾಕಿ. ಗಾಳಿಯಾಡುವ ಜಾಗವಿರಲಿ. ಗಡಿಯಾರ ನೋಡುತ್ತಾ ಕಾಯುವ ಗೋಜಿಲ್ಲ. ಬೆಳಿಗ್ಗೆ ಹಸಿರು ದೀಪ ಕಂಡರೆ ಕೀಲಿ ತಿರುಗಿಸಿ.